ಅವನೇ ಖಾಲಿ ಮಾಡಿದ ಮೇಲ್‌ಗಳು

ರೋಣ, ನರಗುಂದ, ಗಜೇಂದ್ರಗಡ, ಮೂರೂ ಕಡೆಯ, ಹತ್ತಿಯಿಂದ ಬೀಜ ಬಿಡಿಸುವ ಜಿನ್‌ಗಳ ಮೇಲ್‌ಗಳು ರೋಣದ ನಮ್ಮ ಆಫೀಸಿನ ಆರ್ಕೈವ್‌ಗೆ, ಅಂದರೆ ಮೇಲ್ ಸಂಗ್ರಹಕ್ಕೆ, ಬಂದು ಸೇರುತ್ತಿದ್ದವು; ಬೇರೆಲ್ಲೂ ಪ್ರತಿ ಉಳಿಯುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಂಜೆ ಯಂತ್ರ ನಿಂತ ಮೇಲೆ ಪ್ರತಿ ಜಿನ್ನಿನ ಮಿಸ್ತ್ರಿ ಆ ದಿನದ ವರದಿ ಕಳಿಸಬೇಕು. ಮುಖ್ಯವಾದದ್ದಕ್ಕೆ ಅವರು ಸ್ಟಾರ್ ಗುರುತು ಹಾಕುತ್ತಿದ್ದರು. ಸ್ಟಾರ್ ಇದ್ದದ್ದು ಎಂದಿಗೂ ಅಳಿಯುವುದಿಲ್ಲ ಎಂದು ನಂಬಿದ್ದರು. ಆ ಗುರುತು ಅವರ ಪರದೆಯ ಮೇಲಷ್ಟೇ. ಆರ್ಕೈವ್ ನೋಡುವುದು ಮೇಲ್ ಎಷ್ಟು ಹಳೆಯದು ಎಂಬುದನ್ನು ಮಾತ್ರ; ಅವಧಿ ಮೀರಿದ್ದನ್ನು ಅಳಿಸಿಬಿಡುತ್ತದೆ. ಹೇಳಿದರೆ ನಗುತ್ತಿದ್ದರು.

ಗಜೇಂದ್ರಗಡದ ಮಿಸ್ತ್ರಿಯ ಬಲಗೈ ಜಿನ್ನಿನ ಉರುಳೆಗೆ ಸಿಕ್ಕು ಹೋಯಿತು. ಉರುಳೆಯ ಮುಚ್ಚಳ ಮುರಿದಿದೆ ಎಂದು ಅವನು ಮೊದಲೇ ಮೇಲ್ ಮಾಡಿದ್ದ. ನಾನೂ ಮ್ಯಾನೇಜರರೂ ಅದನ್ನು ಓದಿದ್ದೆವು. ಆಮೇಲೆ ಮ್ಯಾನೇಜರರು, ಅಂಥ ಮೇಲ್ ಬಂದೇ ಇಲ್ಲ, ತಪ್ಪು ಅವನದೇ ಎನ್ನತೊಡಗಿದರು.

ಅಪಘಾತದ ವಿಚಾರಣೆಯ ಹಿಂದಿನ ದಿನ ಅವನು ಅದರ ಪ್ರತಿ ಕೇಳಲು ಬಂದ. ಅಂಗಿಯ ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿಕೊಂಡಿದ್ದ. ಮ್ಯಾನೇಜರರು ಚಹಾ ತರಿಸಿದರು. ಮೇಲ್ ಇಟ್ಟುಕೊಳ್ಳುವ ಅವಧಿಯನ್ನು ಅವರು ಅಂದು ಬೆಳಿಗ್ಗೆಯೇ ಇಳಿಸಿದ್ದರು. ಅದಕ್ಕಿಂತ ಹಳೆಯದೆಲ್ಲ ಅಳಿಯಲು ಒಂದು ಗುಂಡಿ ಒತ್ತುವುದಷ್ಟೇ ಉಳಿದಿತ್ತು.

"ಜಾಗಾ ತುಂಬೇತಪಾ. ಮೊದಲ ಖಾಲಿ ಮಾಡು, ಆಮ್ಯಾಲ ಹುಡುಕು. ನೀನ ಒತ್ತು, ನಾಳಿ ನಮ್ಮ ಮ್ಯಾಲ ಹಾಕಬ್ಯಾಡ," ಎಂದು ಅವರು ಮಿಸ್ತ್ರಿಗೆ ಹೇಳಿದರು.

"ಒತ್ತಬ್ಯಾಡ್ರಿ, ಅದೂ ಹೋಗತೈತಿ," ಎಂದೆ. "ಅದೊಂದನ್ನ ಅಳಿಸದಂಗ ತಡೆ ಹಾಕಾಕ ಬರತೈತಿ. ಈಗ ಹಾಕ್ತೀನಿ."

ಮ್ಯಾನೇಜರರು ನಕ್ಕರು. "ನೋಡಪಾ, ಅಕ್ಕಾರಿಗೆ ನಿನ್ನ ಸ್ಟಾರಿನ ಮ್ಯಾಲ ನಂಬಿಕೀನ ಇಲ್ಲ."

ಅವರೇ ಮೌಸನ್ನು ಎಡಗಡೆಗೆ ಸರಿಸಿಕೊಟ್ಟರು.

"ಏನೂ ಆಗಂಗಿಲ್ರಿ ಅಕ್ಕಾರ. ಸ್ಟಾರ್ ಹಾಕೀನಿ," ಎಂದು ಮಿಸ್ತ್ರಿ ನನಗೇ ಧೈರ್ಯ ಹೇಳಿ ಒತ್ತಿದ.

ಆಮೇಲೆ ಎಡಗೈಯ ಒಂದೇ ಬೆರಳಿನಿಂದ 'ಮುಚ್ಚಳ' ಎಂದು ಹುಡುಕಿದ. ಏನೂ ಬರಲಿಲ್ಲ. 'ಉರುಳೆ' ಎಂದು ಹಾಕಿದ. ತನ್ನ ಹೆಸರು ಹಾಕಿದ.

"ಚಾ ಆರತೈತಿ, ಕುಡೀ," ಎಂದರು ಮ್ಯಾನೇಜರರು.

"ನೀವು ಓದಿದ್ರಲ್ಲಾ, ಅಕ್ಕಾರ?"

"ಓದೀನಿ. ನಾಳಿ ಹೇಳ್ತೀನಿ."

"ಹೇಳ್ರಿ. ತೋರಸು ಅಂದ್ರ ಏನ್ ತೋರಸ್ತೀರಿ?"

ಮರುದಿನ ನಾನು ಹೇಳಿದೆ. ವಿಚಾರಣೆಗೆ ಬಂದ ಅಧಿಕಾರಿ ಬರೆದುಕೊಂಡರು. ಹಾಗಾದರೆ ಅದನ್ನು ಅಳಿಸಿದವರು ಯಾರು ಎಂದು ಕೇಳಿದರು.

ಮಿಸ್ತ್ರಿ ಎಡಗೈ ಎತ್ತಿದ.