ನಮೂನೆಯಲ್ಲಿ ನಾನು ಗುರುತು ಹಾಕಿದ ‘ಇಲ್ಲ’

ಎರಡು ವರ್ಷದ ಹಿಂದಿನ ಮಾತು. ಹೊಳೆನರಸೀಪುರದ ನಮ್ಮ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು. ನಾನು ಅಲ್ಲಿ ವಿಜ್ಞಾನದ ಶಿಕ್ಷಕಿ. ಮೂರು ದಿನಕ್ಕೆ ರಜೆ ಬರೆದುಕೊಟ್ಟು, ಅಣ್ಣಯ್ಯನನ್ನು ಕರೆದುಕೊಂಡು ಹಾಸನದ ಆಸ್ಪತ್ರೆಯೊಂದಕ್ಕೆ ಹೋದೆ.

ಅಣ್ಣಯ್ಯ ಹಳ್ಳಿಮೈಸೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಕಬ್ಬು, ಭತ್ತ, ಒಂದಿಷ್ಟು ತೆಂಗು. ಬೀಡಿ ಸೇದಿದವನಲ್ಲ, ಕುಡಿದವನಲ್ಲ. ಆದರೆ ಹರೆಯದಲ್ಲಿ ಬಂದ ಕಾಮಾಲೆಯ ಸೋಂಕು ರಕ್ತದಲ್ಲಿ ಹಾಗೇ ಉಳಿದಿತ್ತು. ಅದಕ್ಕಾಗಿ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಿದ್ದೆವು. ಆ ಸಲದ ಸ್ಕ್ಯಾನಿನಲ್ಲಿ ಲಿವರಿನಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಡ್ಡೆ ಕಾಣಿಸಿತು. ಮತ್ತೆ ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು.

“ಚಿಕ್ಕದಿದೆ. ಹೊಟ್ಟೆ ಕೊಯ್ಯುವುದು ಬೇಡ” ಎಂದರು ವೈದ್ಯರು. ಸ್ಕ್ಯಾನಿನ ಪರದೆ ನೋಡಿಕೊಂಡು, ಚರ್ಮದ ಮೇಲಿಂದಲೇ ಉದ್ದನೆಯ ಸೂಜಿಯನ್ನು ಗಡ್ಡೆಯೊಳಗೆ ಇಳಿಸಿ, ಅದರ ತುದಿಯ ಶಾಖದಿಂದ ಗಡ್ಡೆಯನ್ನು ಸುಡುತ್ತಾರಂತೆ. ಅಪಾಯ ಏನಿದೆ ಎಂದು ಕೇಳಿದೆ. ರಕ್ತಸ್ರಾವ ಆಗಬಹುದು, ಸೋಂಕು ಆಗಬಹುದು, ಪಕ್ಕದ ಕರುಳಿಗೋ ಪಿತ್ತನಾಳಕ್ಕೋ ಶಾಖ ತಗಲಬಹುದು ಎಂದರು. “ಇವೆಲ್ಲ ಆಗುವುದು ಅಪರೂಪ. ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲೇ ಎಲ್ಲ ಸರಿಯಾಗಿ ನೋಡಿಕೊಂಡರೆ ಧೈರ್ಯವಾಗಿ ಮಾಡಬಹುದು.”

ಮೊದಲು ಕೊಟ್ಟ ದಿನ ಅಣ್ಣಯ್ಯನಿಗೆ ಜ್ವರ ಬಂದು ಮುಂದಕ್ಕೆ ಹೋಯಿತು. ಗಡ್ಡೆ ಬೆಳೆದುಬಿಟ್ಟರೆ ಸೂಜಿಯಿಂದ ಆಗುವುದಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕೂತಿತ್ತು. ಮತ್ತೆ ಮುಂದೂಡುವುದನ್ನು ನೆನೆದರೇ ಭಯವಾಗುತ್ತಿತ್ತು. ನಾನು ತಪ್ಪು ಮಾಡಿದ್ದು ಅಲ್ಲೇ.

ಅದಕ್ಕೆ ಮೂರು ವರ್ಷದ ಹಿಂದೆ ಅಣ್ಣಯ್ಯನಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಅರ್ಧ ದಿನದಲ್ಲಿ ಸರಿಹೋಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೊಂದನ್ನು ಚನ್ನರಾಯಪಟ್ಟಣದ ವೈದ್ಯರೊಬ್ಬರು ಆಗ ಬರೆದುಕೊಟ್ಟಿದ್ದರು. ದಿನಾ ಊಟವಾದ ಮೇಲೆ ಒಂದು. ಅದನ್ನು ನಾವು ಹಾಸನದಲ್ಲಿ ಹೇಳಿರಲಿಲ್ಲ. ಮೊದಲ ಸಲ ಮರೆತಿದ್ದೆವು. ಆಮೇಲೆ ನೆನಪಾದಾಗ ಅಣ್ಣಯ್ಯನೇ ಕೇಳಿದ.

“ಆ ಮಾತ್ರೆ ವಿಚಾರ ಡಾಕ್ಟ್ರಿಗೆ ಏಳಾನೇನಮ್ಮಿ?”

“ಈಗ ಹೇಳಿದ್ರೆ ಮತ್ತೆ ಮುಂದಕ್ಕೆ ಹಾಕ್ತಾರೆ. ಸೂಜಿ ತೂತಲ್ಲಿ ಎಷ್ಟು ರಕ್ತ ಬರುತ್ತೆ? ಹೇಳ್ಬೇಡ ಬಿಡು” ಎಂದೆ.

ದಾಖಲಾದಾಗ ಕೊಟ್ಟ ನಮೂನೆಯಲ್ಲಿ ಅದೇ ಪ್ರಶ್ನೆ ಇತ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ? ‘ಇಲ್ಲ’ ಎಂಬುದರ ಎದುರು ಗುರುತು ಹಾಕಿದವಳು ನಾನೇ. ಮಕ್ಕಳಿಗೆ ರಕ್ತ ಹೆಪ್ಪುಗಟ್ಟುವುದು ಹೇಗೆಂದು ಪ್ರತಿ ವರ್ಷ ಪಾಠ ಮಾಡುವವಳು.

ಮರುದಿನ ಬೆಳಿಗ್ಗೆ ಅಣ್ಣಯ್ಯನಿಗೆ ಹಸಿರು ಗೌನು ತೊಡಿಸಿ ಕೂರಿಸಿದ್ದರು. ಅಷ್ಟರಲ್ಲಿ ಮಂಜುಳ ಎಂಬ ನರ್ಸ್ ಬಂದರು. ನಲವತ್ತು ದಾಟಿದವರು, ಅರಕಲಗೂಡು ಕಡೆಯವರು. ನಮೂನೆ ಕೈಯಲ್ಲೇ ಇದ್ದರೂ ಅದನ್ನು ಬಿಡಿಸಲಿಲ್ಲ. ಅಣ್ಣಯ್ಯನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

“ಅಣ್ಣ, ಮಂಡಿನೋವಿಗೆ, ಎದೆನೋವಿಗೆ, ಯಾತಕ್ಕಾರಾ ಮಾತ್ರೆ ನುಂಗ್ತಾ ಇದ್ದೀರಾ?”

ಅಣ್ಣಯ್ಯ ನನ್ನ ಮುಖ ನೋಡಿದ. “ಇಲ್ಲ ಕಣವ್ವ” ಎಂದ.

ಅವರು ಸುಮ್ಮನೆ ಅವನ ತೋಳು ಹಿಡಿದು ತಿರುಗಿಸಿದರು. ಹಿಂದಿನ ದಿನ ಪರೀಕ್ಷೆಗೆ ರಕ್ತ ತೆಗೆದ ಜಾಗದಲ್ಲಿ ಅಂಗೈ ಅಗಲ ಕಪ್ಪು ಕಟ್ಟಿತ್ತು.

“ಇದೇನಣ್ಣ, ಒಂದು ಚಿಕ್ಕ ಸೂಜಿಗೆ ಇಂಗಾಗೈತೆ?”

ಅಣ್ಣಯ್ಯ ತೋಳನ್ನು ಎಳೆದುಕೊಂಡ. ಅವರು ನನ್ನ ಕಡೆ ತಿರುಗಿದರು. “ಅಕ್ಕ, ಕಾಗದದಾಗೆ ಬರೆದಿದ್ದನ್ನ ನಾನು ನೆಚ್ಚಕಿಲ್ಲ. ನಮ್ಮ ಕಡೆ ಜನ ಬಾಯಿಬಿಟ್ಟು ಕೇಳಿದ್ರೂ ಅರ್ಧನೇ ಏಳೋದು. ಏನಾರ ಇದ್ರೆ ಈಗ್ಲೇ ಏಳ್ಬುಡಿ. ಒಳಗೆ ಓದ ಮ್ಯಾಲೆ ಗೊತ್ತಾದ್ರೆ ಕಷ್ಟ.”

“ಒಂದು ಮಾತ್ರೆ ಇದೆ” ಎಂದು ಚೀಲದಿಂದ ತೆಗೆದು ಕೊಟ್ಟೆ. ಅವರು ಹೆಸರು ಓದಿದರು. ಬೈಯಲಿಲ್ಲ. ಬೇಗ ಬೇಗ ಹೆಜ್ಜೆ ಹಾಕುತ್ತ ಹೋದರು.

ಐದು ನಿಮಿಷದಲ್ಲಿ ವೈದ್ಯರು ಬಂದರು. ನಿಂತುಕೊಂಡೇ ಹೇಳಿದರು. “ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿವೆ ಅಂತ ಎಣಿಕೆ ಸಿಗುತ್ತೆ. ಈ ಮಾತ್ರೆ ಅವು ಕೆಲಸ ಮಾಡದ ಹಾಗೆ ತಡೆಯುತ್ತೆ. ಅದು ಎಣಿಕೆಯಲ್ಲಿ ಗೊತ್ತಾಗೋದಿಲ್ಲ. ಲಿವರ್ ಅಂದ್ರೆ ತುಂಬಾ ರಕ್ತ ಓಡಾಡೋ ಅಂಗ. ಕೈಗೆ ಗಾಯ ಆದ್ರೆ ಒತ್ತಿ ಹಿಡೀಬಹುದು. ಹೊಟ್ಟೆ ಒಳಗೆ ಹೇಗೆ ಒತ್ತಿ ಹಿಡೀತೀರಿ? ಯಾಕೆ ಹೇಳಲಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣಯ್ಯ ಹೇಳಿಬಿಟ್ಟ. “ನಾನೇ ಏಳ್ಬ್ಯಾಡ ಅಂದಿದ್ದೆ ಸಾ. ಎದ್ರುಕೊಂಡಿದ್ದೆ. ತಂಗೀದೇನೂ ತಪ್ಪಿಲ್ಲ.”

ನಾನು ಸುಮ್ಮನಿದ್ದೆ.

ವೈದ್ಯರು ಅವನ ಭುಜ ತಟ್ಟಿ, ಎರಡು ವಾರ ತಡವಾದರೆ ಗಡ್ಡೆ ಕೈಮೀರಿ ಹೋಗುವುದಿಲ್ಲ ಎಂದರು. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸುವುದೂ ತಪ್ಪು ಎಂದು ಹೇಳಿ, ಚನ್ನರಾಯಪಟ್ಟಣದ ವೈದ್ಯರಿಗೆ ತಾವೇ ಫೋನ್ ಮಾಡಿದರು. ಇಬ್ಬರೂ ಮಾತಾಡಿಕೊಂಡು ಯಾವ ದಿನದಿಂದ ನಿಲ್ಲಿಸಬೇಕು, ಯಾವ ದಿನ ಮತ್ತೆ ಶುರುಮಾಡಬೇಕು ಎಂದು ಬರೆದುಕೊಟ್ಟರು. ಗೌನು ಕಳಚಿಸಿ, ನಾವು ಬಸ್ಸು ಹತ್ತಿ ವಾಪಸ್ಸಾದೆವು.

ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ದಿನಾ ಬೆಳಿಗ್ಗೆ ಅಣ್ಣಯ್ಯನಿಗೆ ಫೋನ್ ಮಾಡುತ್ತಿದ್ದೆ. ಮಾತು ತೊದಲುತ್ತದೆಯೋ ಏನೋ ಎಂದು ಹದಿಮೂರರ ಮಗ್ಗಿ ಹೇಳಿಸುತ್ತಿದ್ದೆ. ಎರಡು ದಿನ ಹೇಳಿದ. ಮೂರನೇ ದಿನ, “ನಾನೇನು ನಿನ್ ಸ್ಕೂಲಿನ ಐಕ್ಳಾ? ಬಾಯಿ ನೆಟ್ಟಗೈತೆ ಕಣಮ್ಮಿ, ಫೋನ್ ಮಡಗು” ಎಂದು ರೇಗಿದ. ಅಷ್ಟು ಸ್ಪಷ್ಟವಾಗಿ ರೇಗಿದ್ದು ಕೇಳಿ ಸಮಾಧಾನವಾಯಿತು.

ಎರಡನೇ ಸಲ ಹೋದಾಗ ಎಲ್ಲ ಸರಿಯಿತ್ತು. ಒಳಗೆ ಕರೆದೊಯ್ಯುವ ಮೊದಲು ವೈದ್ಯರು ಪರದೆಯಲ್ಲಿ ತೋರಿಸಿದರು. ಗಡ್ಡೆಯ ಹತ್ತಿರವೇ ಕರುಳಿನ ಒಂದು ಸುರುಳಿ ಇತ್ತು. ಸುಡುವ ಮೊದಲು ಇನ್ನೊಂದು ಸಣ್ಣ ಸೂಜಿಯಿಂದ ನಡುವೆ ದ್ರವ ತುಂಬಿ ಕರುಳನ್ನು ಆಚೆ ಸರಿಸುತ್ತೇವೆ, ಶಾಖ ಅದಕ್ಕೆ ತಗಲುವುದಿಲ್ಲ ಎಂದರು. ಅಣ್ಣಯ್ಯ ತಲೆಯಾಡಿಸಿದ. “ಗೊತ್ತಾಯ್ತು ಬುಡಿ ಸಾ. ಕಬ್ಬಿನ ತರಗಿಗೆ ಬೆಂಕಿ ಆಕೋವಾಗ ಪಕ್ಕದ ಗದ್ದೆಗೆ ಅತ್ತದಿರ್ಲಿ ಅಂತ ನಾವೂ ನೀರು ಬುಟ್ಕೊತೀವಿ.” ವೈದ್ಯರು ನಕ್ಕರು. ನನಗೆ ನಗು ಬರಲಿಲ್ಲ.

ಒಂದೂಕಾಲು ಗಂಟೆ ಹೊರಗೆ ಕೂತಿದ್ದೆ. ಹೊರಗೆ ಕರೆತಂದಾಗ ಹೊಟ್ಟೆಯ ಬಲಗಡೆ ಒಂದು ಚಿಕ್ಕ ಪಟ್ಟಿ, ಅಷ್ಟೇ. ಮಂಪರು ಇಳಿದ ಮೇಲೆ “ಬಲಭುಜ ಸಿಡೀತೈತೆ” ಎಂದು ನರಳಿದ. ಸೂಜಿ ಹಾಕಿದ್ದು ಹೊಟ್ಟೆಗೆ, ನೋವು ಭುಜಕ್ಕೆ! ನಾನು ಓಡಿದೆ. ಮಂಜುಳ ಬಂದು ಬಿಪಿ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ವೈದ್ಯರನ್ನೂ ಕರೆದರು. ಲಿವರಿನ ಮೇಲ್ಭಾಗದ ಪೊರೆಗೆ ಬಿಸಿ ತಾಕಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಎರಡು ದಿನದಲ್ಲಿ ಹೋಗುತ್ತದೆ ಎಂದರು, ಹೋಯಿತು. ಮಧ್ಯೆ ಒಂದು ದಿನ ಸಣ್ಣ ಜ್ವರವಿತ್ತು. ಮಾರನೆಯ ದಿನದ ಸ್ಕ್ಯಾನಿನಲ್ಲಿ ಎಲ್ಲಿಯೂ ರಕ್ತ ಸೋರಿರಲಿಲ್ಲ. ಹೊರಡುವಾಗ ಮಂಜುಳ ಅವರ ಕೈ ಹಿಡಿದುಕೊಂಡೆ. “ಓಗ್ಬನ್ನಿ ಅಕ್ಕ. ಮಾತ್ರೆ ಶುರು ಮಾಡೋ ದಿನ ಮರೀಬ್ಯಾಡಿ” ಎಂದರು.

ಒಂದು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗಡ್ಡೆಯಿದ್ದ ಕಡೆ ಕಪ್ಪು ಕಲೆ ಮಾತ್ರ ಇತ್ತು. ಅಲ್ಲಿ ಜೀವವಿಲ್ಲ ಎಂದರು. ಬೇರೆ ಕಡೆ ಹೊಸದು ಬರಬಹುದು, ಅದಕ್ಕೇ ತಪಾಸಣೆ ಬಿಡಬಾರದು ಎಂದೂ ಹೇಳಿದರು. ಇದುವರೆಗೆ ಬಂದಿಲ್ಲ.

ಪ್ರತಿ ಸಲ ಹೋದಾಗಲೂ ವೈದ್ಯರು ಅಣ್ಣಯ್ಯನನ್ನು ನೋಡಿ, “ಈ ಸಲ ಏನೂ ಮುಚ್ಚಿಟ್ಟಿಲ್ಲ ತಾನೆ?” ಎಂದು ನಗುತ್ತಾರೆ. ಅವನೂ ನಗುತ್ತಾನೆ. ಹೋದ ಸಲ ಬಸ್ಸಿನಲ್ಲಿ ಕೂತ ಮೇಲೆ, ಅವತ್ತು ನನ್ನ ತಪ್ಪನ್ನು ನಿನ್ನ ಮೇಲೆ ಯಾಕೆ ಹಾಕಿಕೊಂಡೆ ಎಂದು ಕೇಳಿದೆ.

“ನೀನು ದಿನಾ ಐಕ್ಳ ಮುಂದೆ ನಿಂತು ಪಾಠ ಏಳೋಳು. ನಂಗೇನು, ಕಬ್ಬು ಕೇಳ್ತದಾ?” ಎಂದು ಕಿಟಕಿಯ ಕಡೆ ತಿರುಗಿದ.

ಅವನ ಫೈಲಿನಲ್ಲಿ ಇಂದಿಗೂ, ಮಾತ್ರೆಯ ವಿಷಯವನ್ನು ರೋಗಿ ತಿಳಿಸಿರಲಿಲ್ಲ ಎಂದೇ ಇದೆ.