ಕೊಂಡಿಗೊಂದೇ ಹನಿ

ಅವನನ್ನು ಬೀದಿಯವರೆಲ್ಲ ಹನಿಯಪ್ಪ ಎಂದೇ ಕರೆಯುತ್ತಿದ್ದರು. ಸೈಕಲ್ ರಿಪೇರಿಯವನಿಗೆ ಅದೆಂಥ ಹೆಸರು ಅಂತೀರಾ? ಚೈನಿಗೆ ಎಣ್ಣೆ ಹಾಕುವುದರಲ್ಲಿ ಅವನು ಅಷ್ಟು ಜಿಪುಣ. ಮಳೆಗಾಲಕ್ಕೆ ಮಂದ ಎಣ್ಣೆ, ಬೇಸಿಗೆಗೆ ತೆಳು ಎಣ್ಣೆ. ಯಾವುದಾದರೂ ಸರಿ, ಕೊಂಡಿಗೊಂದೇ ಹನಿ. ಚೈನಿನ ಎರಡು ತುದಿ ಸೇರಿಸುವ, ಲಾಕ್ ಇರುವ ಕೊಂಡಿಯಿಂದ ಶುರು. ಪೆಡಲ್ ತಿರುಗಿಸುತ್ತ ಅದೇ ಕೊಂಡಿ ಮತ್ತೆ ಬಂದಾಗ ನಿಲ್ಲಿಸಿ, ಹಳೇ ಬಟ್ಟೆಯಲ್ಲಿ ಒರೆಸಿಬಿಡುವುದು. "ಎಣ್ಣೆ ಒಳಗಿರ್ಬೇಕು, ಹೊರಗೆ ಕಂಡ್ರೆ ಕೆಲಸ ಕೆಟ್ಟಿತು" ಅನ್ನುತ್ತಿದ್ದ. ಪಕ್ಕದಲ್ಲೇ ಕೂತು ಪಂಕ್ಚರ್ ಹಾಕುವ ಹೆಂಡತಿಗೆ ಈ ಪಾಠ ಕೇಳಿ ಕೇಳಿ ಕಿವಿ ತೂತಾಗಿತ್ತು.

ಅಂಥವನು ಎಣ್ಣೆ ಹಾಕಿಕೊಟ್ಟ ಸೈಕಲ್ಲಿನಲ್ಲಿ ಹೋದ ನರ್ಸ್ ಹುಡುಗಿ ಆಸ್ಪತ್ರೆಯ ಇಳಿಜಾರಿನಲ್ಲಿ ಬಿದ್ದು ಕೈ ಮುರಿದುಕೊಂಡಳು. ಬ್ರೇಕ್ ಹಿಡಿಯಲೇ ಇಲ್ಲವಂತೆ. ಅವಳಪ್ಪ ಸೈಕಲ್ ತಳ್ಳಿಕೊಂಡು ಬಂದು, ಅಷ್ಟು ಹೇಳಿ, ಅಂಗಡಿ ಮುಂದೆ ನಿಲ್ಲಿಸಿ ಹೋದ.

"ಬ್ರೇಕ್ ರಬ್ಬರ್ ಸವೆದಿರ್ಬೇಕು" ಎಂದ ಹನಿಯಪ್ಪ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಹೆಂಡತಿ ಹಿಂದಿನ ಚಕ್ರದಲ್ಲಿ ಬ್ರೇಕ್ ರಬ್ಬರ್ ಒತ್ತುವ ರಿಮ್ಮಿಗೆ ಬೆರಳಿಟ್ಟಳು. ಬೆರಳು ಜಾರಿತು. ಚೈನಿನಿಂದ ಸಿಡಿದ ಎಣ್ಣೆ ಸುತ್ತಲೂ ಹರಡಿತ್ತು.

"ರೀ, ಎಣ್ಣೆ ಹಾಕಿದ್ದು ಚೈನಿಗೋ, ನಿಮಗೋ? ನಾಳೆ ಜನ ಇದನ್ನೇ ಕೇಳ್ತಾರೆ."

"ನಾಲಿಗೆ ಬಿಗಿಹಿಡಿದು ಮಾತಾಡು!" ಪಾಪ, ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ರೇಗಿದ ಭರದಲ್ಲೇ ಇನ್ನೊಂದು ಸೈಕಲ್ ಎಳೆದುಕೊಂಡು ಎಣ್ಣೆ ಹಾಕಲು ಕೂತ. ಅವಳು ಕಣ್ಣು ಕೀಳದೆ ನೋಡಿದಳು. ಲಾಕಿನ ಕೊಂಡಿ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಹನಿ ಬೀಳುತ್ತಲೇ ಇತ್ತು, ಒಂದಿಷ್ಟು ಚೈನಿಗೆ, ಒಂದಿಷ್ಟು ನೆಲಕ್ಕೆ.

"ನಿಲ್ಸಿ. ಕಾಣ್ತಿಲ್ಲ, ಅಲ್ವಾ?"

ಪೆಡಲ್ ನಿಂತಿತು. "ಎಡಗಣ್ಣು ಹೋಗಿ ಬಹಳ ದಿನ ಆಯ್ತು ಕಣೇ. ಈಗ ಬಲಗಣ್ಣೂ ಮಬ್ಬು. ಕೈ ಅಂದಾಜಲ್ಲೇ ಸಾಗಿಸ್ತಿದ್ದೆ."

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅಯ್ಯೋ, ಮಗ್ಗುಲಲ್ಲೇ ಕೂತವಳಿಗೂ ಹೇಳಲಿಲ್ಲವಲ್ಲ ಈ ಪುಣ್ಯಾತ್ಮ! ಅವನ ಕೈಯಿಂದ ಎಣ್ಣೆ ಡಬ್ಬಿ ತೆಗೆದುಕೊಂಡಳು.

"ಹೋಗಿ ಆ ಹುಡುಗಿಗೆ ಇದನ್ನೇ ಹೇಳಿ ಬನ್ನಿ."

"ಹೇಳಿದ್ರೆ ನಾಳೆಯಿಂದ ನನ್ನ ಹತ್ರ ಯಾರೇ ಸೈಕಲ್ ಬಿಡ್ತಾರೆ?"

"ಹೇಳದಿದ್ರೆ ನಾನೇ ಬಿಡಲ್ಲ."

ಅವನು ಎದ್ದು, ಕಾಲಲ್ಲಿ ತಡಕಾಡಿ ಚಪ್ಪಲಿ ಹುಡುಕತೊಡಗಿದ. ಅವು ಅವನ ಮುಂದೆಯೇ ಇದ್ದವು.