ಹಳೆಯದಾಗಬೇಕಾದ ಬಟ್ಟೆ

ಮೈಸೂರಿನಿಂದ ಬೆಳಗ್ಗೆ ಏಳರ ಬಸ್ಸಿಗೆ ನಂಜನಗೂಡಿಗೆ ಹೊರಟೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಕಾರ್ತಿಕದ ಮಂಜು ಗದ್ದೆಗಳ ಮೇಲಿಂದ ಇನ್ನೂ ಎದ್ದಿರಲಿಲ್ಲ. ಗಂಡ ಜೊತೆಗೆ ಬರಲಿಲ್ಲ. "ನೀನು ದೇವರನ್ನ ಕೇಳ್ಕೊಂಡು ಬಾ, ನಾನು ಫೋನ್ ಕಾಯ್ತೀನಿ" ಎಂದು ನಕ್ಕು ಮನೆಯಲ್ಲೇ ಉಳಿದರು.

ದತ್ತು ಮಗುವಿಗಾಗಿ ನಾವು ಹೆಸರು ಬರೆಸಿ ಆಗಲೇ ನಾಲ್ಕು ವರ್ಷ ನಾಲ್ಕು ತಿಂಗಳಾಗಿತ್ತು. ಯಾವತ್ತು ಬೇಕಾದರೂ ಕರೆ ಬರಬಹುದು ಎಂದು ದತ್ತು ಕೇಂದ್ರದವರು ಹೇಳಿದ್ದರು. ಹೋದ ವರ್ಷ ಒಮ್ಮೆ ಬಂದಿತ್ತು ಕೂಡ. ತೊಟ್ಟಿಲು ಯಾವ ಕೋಣೆಯಲ್ಲಿಡಬೇಕೆಂದು ಮೂರು ದಿನ ಖುಷಿಯಿಂದ ಜಗಳವಾಡಿದೆವು. ಆಮೇಲೆ ಆ ಮಗು ನಮಗೆ ಬರಲಿಲ್ಲ. ಅಲ್ಲಿಂದೀಚೆಗೆ ನಾನು ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುವವಳಾಗಿಬಿಟ್ಟಿದ್ದೆ. ಅದನ್ನು ನೋಡಲಾರದೆ ಅಮ್ಮ, "ಒಂದು ಸಲ ನಂಜುಂಡೇಶ್ವರನ ಹತ್ರ ಹೋಗಿ ಬಾಯಿಬಿಟ್ಟು ಕೇಳ್ಕೊ" ಎಂದಿದ್ದಳು.

ದೇವಸ್ಥಾನದಲ್ಲಿ ಸೋಮವಾರದ ಜನ. ಧರ್ಮದರ್ಶನದ ಸಾಲು ಹೊರಗಿನ ತನಕ ಬೆಳೆದಿತ್ತು. ನಾಲ್ಕು ವರ್ಷ ಕಾದಿದ್ದ ನಾನು, ಇಲ್ಲಿ ಕಾಯಲಾರದೆ ಟಿಕೆಟ್ ಕೊಂಡು ಬೇಗ ಹೋಗುವ ಸಾಲಿಗೆ ನುಗ್ಗಿದೆ. ಹತ್ತೇ ನಿಮಿಷಕ್ಕೆ ಗರ್ಭಗುಡಿಯ ಎದುರಿಗಿದ್ದೆ. ದೀಪ, ಬಿಲ್ವಪತ್ರೆ, ಬೆಳ್ಳಿಯ ಮಿನುಗು, ಅಷ್ಟರಲ್ಲಿ "ಮುಂದೆ ನಡೀರಿ, ಮುಂದೆ ನಡೀರಿ." ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನೆನಪಾಯಿತು, ನಾನು ಏನನ್ನೂ ಕೇಳಿಕೊಂಡೇ ಇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ, ಚಟ್ನಿಯ ರುಚಿ ಗೊತ್ತಾಗಲಿಲ್ಲ.

ಆ ಸಿಟ್ಟಿನಲ್ಲೇ ಬದನವಾಳಿನ ಬಸ್ಸು ಹತ್ತಿದೆ. ಅಲ್ಲಿಯ ಖಾದಿ ಕೇಂದ್ರದಲ್ಲಿ ಮಗುವಿಗೊಂದು ಹೊದಿಕೆಯ ಬಟ್ಟೆ ಕೊಳ್ಳಬೇಕೆಂಬುದು ಹಳೆಯ ಆಸೆ. ಆದರೆ ಕೂಸು ಮನೆಗೆ ಬರುವ ಮುಂಚೆ ಅದಕ್ಕೆ ಹೊಸ ಬಟ್ಟೆ ತರಬಾರದು ಎನ್ನುತ್ತಾರೆ. ಅದಕ್ಕೆ ಹೆದರಿ ಇಷ್ಟು ವರ್ಷ ಒಂದು ಕುಲಾವಿಯನ್ನೂ ಕೊಂಡಿರಲಿಲ್ಲ. ಅವತ್ತು, ಏನಾದರಾಗಲಿ, ಕೊಂಡೇಬಿಡುತ್ತೇನೆ ಎನಿಸಿತು.

ಹಂಚಿನ ಉದ್ದನೆಯ ಮನೆಯೊಳಗೆ ಮಹದೇವಮ್ಮ ಎಂಬ ಅರವತ್ತರ ಹೆಂಗಸು ಮಗ್ಗದಲ್ಲಿ ಕೂತಿದ್ದರು. ಕಪಾಟಿನಲ್ಲಿದ್ದುದೆಲ್ಲ ದಪ್ಪ ಬಟ್ಟೆ. ನನಗೆ ಬೇಕಾದ ತೆಳುವಿನದು ಅವರ ಮಗ್ಗದ ಮೇಲಿತ್ತು.

"ಇನ್ನೊಂದು ಗಜ ಅದೆ ಕಣವ್ವ. ಮುಗುದ್ಮೇಲೆ ಕುಯ್ದು ಕೊಡ್ತೀನಿ."

"ಎಷ್ಟು ಹೊತ್ತಾಗುತ್ತೆ?"

"ಆದಾಗ ಆಯ್ತದೆ. ಕೂತ್ಕ."

ಗೋಡೆಗೊರಗಿ ಕೂತೆ. ಕೈನೂಲು ಮತ್ತೆ ಮತ್ತೆ ಕಡಿಯುತ್ತಿತ್ತು. ಪ್ರತಿ ಸಲವೂ ಮಹದೇವಮ್ಮ ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ, ಮತ್ತೆ ಲಾಳಿ ಓಡಿಸುತ್ತಿದ್ದರು. ಮುಖ ಗಂಟಿಕ್ಕಿದ್ದನ್ನು ಒಮ್ಮೆಯೂ ಕಾಣಲಿಲ್ಲ. ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ಲಾಳಿ ಅತ್ತ ಹೋಗಿ ಇತ್ತ ಬರುವ ಸದ್ದಿಗೆ ಕಣ್ಣು ಎಳೆಯತೊಡಗಿತು. ಮಂಪರಿನಲ್ಲಿ ಯಾರೋ ಪುಟ್ಟ ಪಾದದವರು ಮಗ್ಗದ ಕೆಳಗೆ ತೂರಿ, ನನ್ನ ಮಂಡಿ ಹಿಡಿದು ನಿಂತ ಹಾಗಾಯಿತು. ಎಚ್ಚರವಾದಾಗ ಯಾರೂ ಇರಲಿಲ್ಲ. ಎರಡು ಗಂಟೆಗಳ ಕಾಲ ನಾನು ಫೋನ್ ನೋಡಿರಲಿಲ್ಲ.

ಕೈಗೆ ಬಂದ ಬಟ್ಟೆ ಒರಟಾಗಿತ್ತು. ನನ್ನ ಮುಖ ಬಾಡಿದ್ದನ್ನು ಮಹದೇವಮ್ಮ ನೋಡಿದರು.

"ಗಂಜಿ ಕಣವ್ವ ಅದು. ಯಾರ್ಗೆ ಬಟ್ಟೆ?"

"ಮಗೂಗೆ. ಇನ್ನೂ ಬಂದಿಲ್ಲ. ದತ್ತು ತಗೋಬೇಕು ಅಂತ ನಾಲ್ಕು ವರ್ಷದಿಂದ ಕಾಯ್ತಾ ಇದೀವಿ. ಬರೋಕೆ ಮುಂಚೆ ಹೊಸದು ತರಬಾರದು ಅಂತಾರಲ್ಲ, ಅದೇ ಭಯ."

"ಹೊಸದಾಗೇ ಯಾಕೆ ಮಡಿಕತೀಯೆ? ನೀನೇ ಮೈಮ್ಯಾಲೆ ಒದ್ಕ. ಒಗಿ, ಒಣಗ್ಸು, ಇನ್ನೊಂದ್ ಸಲ ಒದ್ಕ. ಒಗ್ದಷ್ಟೂ ಮೆತ್ಗಾಯ್ತದೆ. ಕೂಸು ಬರೋ ಒತ್ಗೆ ಹಳೇ ಬಟ್ಟೆ ಆಗಿರ್ತದೆ, ನಿನ್ ಮೈ ವಾಸ್ನೇನೂ ಇಡ್ದಿರ್ತದೆ. ಹಳೇ ಬಟ್ಟೆಗೆ ಯಾರೇನಂದಾರು?"

ದುಡ್ಡು ಕೊಟ್ಟು ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಕಾಯುವ ದಿನಗಳಿಗೂ ಮಾಡುವ ಕೆಲಸ ಒಂದಿದೆ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮತ್ತೆ ನಂಜನಗೂಡಿಗೆ ಬಂದು, ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ತಿರುಮಕೂಡಲು ನರಸೀಪುರಕ್ಕೆ ಹೋದೆ. ದಾರಿಯುದ್ದಕ್ಕೂ ಭತ್ತ, ಕಬ್ಬು, ನಡುನಡುವೆ ನಾಲೆಯ ನೀರು. ಸಂಗಮದ ಮೆಟ್ಟಿಲಿಗೆ ಇಳಿದಾಗ ನಾಲ್ಕು ಗಂಟೆ. ಬಟ್ಟೆಯನ್ನು ನೀರಿಗಿಳಿಸಿ ಹಿಂಡಿದೆ. ಗಂಜಿ ಬೆಳ್ಳಗೆ ಬಿಟ್ಟುಕೊಂಡು ಹರಿದುಹೋಯಿತು. ಪಕ್ಕದಲ್ಲಿ ತೆಪ್ಪ ಕಟ್ಟುತ್ತಿದ್ದ ಮುದುಕ ಕಾವೇರಿ ಯಾವುದು, ಕಪಿಲೆ ಯಾವುದು ಎಂದು ಕೈಮಾಡಿ ತೋರಿಸಿದ.

"ಮೂರು ಸೇರೋ ಜಾಗ ಅಂತಾರಲ್ಲ, ಮೂರನೇದು ಎಲ್ಲಿ?"

"ಸ್ಫಟಿಕ ಸರೋವರ. ಅದು ಕಣ್ಗೆ ಕಾಣಾಕಿಲ್ಲ ಕಣವ್ವ. ಅಂಗಂತ ಅದ್ನ ಬುಟ್ಟು ಎಣ್ಸಾಕಾಯ್ತದಾ?"

ಬೆಳಗ್ಗೆ ಕೇಳದೆ ಬಂದದ್ದನ್ನು ಆ ನೀರಿನಲ್ಲಿ ನಿಂತು ಕೇಳಿಕೊಂಡೆ. ಬೇಗ ಕೊಡು ಎನ್ನಲಿಲ್ಲ. ಮಗು ಎಲ್ಲಿದೆಯೋ ಅಲ್ಲಿ ಚೆನ್ನಾಗಿರಲಿ ಎಂದಷ್ಟೇ ಬಾಯಿಗೆ ಬಂತು.

ಐದೂವರೆಗೆ ಮೈಸೂರಿನ ಬಸ್ಸು. ಅರೆ ಒಣಗಿದ ಬಟ್ಟೆಯನ್ನು ಹೆಗಲಿಗೆ ಹೊದ್ದು ಕೂತೆ. ಕಿಟಕಿಯ ಪಕ್ಕದಲ್ಲಿದ್ದ ಹೆಂಗಸು ಊರು, ಮನೆ ಎಲ್ಲ ವಿಚಾರಿಸಿ, "ಮಕ್ಕಳೆಷ್ಟವ್ವ?" ಎಂದರು. ಇಲ್ಲ ಎಂದು ಹೇಳಿ ಮುಖ ತಿರುಗಿಸುವುದು ನನ್ನ ರೂಢಿ.

"ಒಂದು" ಎಂದೆ. "ಇನ್ನೂ ಬರಬೇಕು."

ಅವರ ಕಣ್ಣು ನನ್ನ ಹೊಟ್ಟೆಯ ಕಡೆ ಹೋಯಿತು. "ಎಷ್ಟು ತಿಂಗ್ಳು?"

"ಐವತ್ತೆರಡು."

ಅವರು ಫಕ್ಕನೆ ನಕ್ಕರು. ನಾನು ದತ್ತಿನ ವಿಷಯ ಹೇಳಿದೆ. ನಗು ನಿಂತಿತು. ನನ್ನ ಹೆಗಲ ಮೇಲಿನ ಬಟ್ಟೆಯ ಅಂಚನ್ನು ಮುಟ್ಟಿ ನೋಡಿದರು. ಆಮೇಲೆ ಚೀಲ ಎತ್ತಿಕೊಂಡು ಎದ್ದು ನಿಂತು, "ಈ ಕಡೀಕ್ ಬಾರವ್ವ. ಓಡಾಡೋರು ತಗುಲ್ತಾರೆ. ಬಸ್ರಿ ಎಂಗ್ಸು ಅಂಚ್ನಲ್ಲಿ ಕೂರಬಾರ್ದು" ಎಂದರು.

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹುಷಾರಾಗಿ ಎದ್ದು, ಕಿಟಕಿಯ ಪಕ್ಕಕ್ಕೆ ಸರಿದೆ.